ಉಡಿಯಲ್ಲಿ ಬಂದ ಅಕ್ಕಿ

ಅವರು ತೀರಿಕೊಂಡ ನಾಲ್ಕನೆಯ ದಿನ ನಾನು ರೋಣದ ಕಟಿಂಗ್ ಅಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದೆ. ಹಿಂದಿನ ಬೆಂಚಿನ ಮೇಲೆ ಪೇಪರು ಹಿಡಿದವನೊಬ್ಬ, ಅದರಿಂದ ಕಣ್ಣೆತ್ತದೆಯೇ, "ಆ ಲ್ಯಾಬಿನ ಬಾಯಿ ಹೋದ್ಲಂತಲ್ಲ. ಅದನ ಇತ್ತಂತ ಅಕಿಗೆ. ದಿನಾ ಅದರಾಗನ ಕೈ ಹಾಕ್ತಿದ್ಲು, ಬರದ ಬಿಡ್ತೈತೇನು?" ಎಂದ. ಅಂಗಡಿಯವನು ಕತ್ತಿಯನ್ನು ಗಾಳಿಯಲ್ಲಿ ಹಿಡಿದು, "ನಾನೂ ಹಂಗ ಕೇಳೀನಿ" ಎಂದ.

ನಾನು ಹುಟ್ಟಾ ಅಂಜುಬುರುಕ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ನಾಲ್ಕನೆಯ ಸಲ ಜಗ್ಗುವವನು. ಕತ್ತಿ ಕೊರಳ ಹತ್ತಿರ ಇರುವಾಗ ವಾದ ಮಾಡುವ ಜಾಯಮಾನವಲ್ಲ. ಆದರೂ ಅವತ್ತು ಕನ್ನಡಿಯೊಳಗಿನ ಆ ಪೇಪರಿಗೆ ಹೇಳಿದೆ: "ಇಲ್ರೀ. ಅವರಿಗೆ ಹಾರ್ಟ್ ತ್ರಾಸು ಇತ್ತು. ನಾ ಮಣ್ಣಿಗೆ ಹೋಗಿದ್ದೆ, ಗೊತ್ತೈತಿ." ಚಲೋ ಉತ್ತರ ಕೊಟ್ಟೆನೆಂದು ಬೀಗುತ್ತ ಮನೆಗೆ ಬಂದೆ. ಆ ಉತ್ತರ ಎಷ್ಟು ಹಲ್ಕಟ್ ಉತ್ತರವಾಗಿತ್ತೆಂದು ತಿಳಿಯಲು ನನಗೆ ಮೂರು ದಿನ ಹಿಡಿಯಿತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ರೋಣದ ಸರಕಾರಿ ದವಾಖಾನೆಯ ಲ್ಯಾಬು ಇದ್ದ ಆ ಕೊನೆಯ ಕೋಣೆಯಲ್ಲಿ ಅವರು ಇಡೀ ನೌಕರಿ ಕಳೆದರು. ಎಷ್ಟು ಸಾವಿರ ಜನರ ರಕ್ತ ನೋಡಿದರೋ, ಒಬ್ಬರ ಹೆಸರೂ ಅವರ ಬಾಯಿಂದ ಹೊರಬೀಳಲಿಲ್ಲ. ಬಂದವರಿಗೆಲ್ಲ ಅಲ್ಲಿ ಒಂದು ನಂಬರು, ಅಷ್ಟೇ. ಅಂಥವರ ಹೆಸರನ್ನು ಅಚ್ಚು ಹಾಕಿಸಿದರೆ ಅವರು ಎದ್ದು ಬಂದು ಬೈದಾರು. ಮಂದಿ ಕರೆಯುತ್ತಿದ್ದಂತೆ ಬಾಯಾರು ಎಂದೇ ಕರೆಯುತ್ತೇನೆ. ಮುಂದೆ ಬರುವ ಮನೆತನದ ಊರನ್ನೂ ಕೇಳಬೇಡಿ. ಅದು ಅಸೂಟಿಯಲ್ಲ, ರಾಜೂರಲ್ಲ, ಬೆಳವಣಕಿಯೂ ಅಲ್ಲ. ಹಾಗೆ ನೋಡಿದರೆ ಮೂರೂ ಹೌದು.

ಬಾಯಾರು ದಿನಾಲೂ ಗಜೇಂದ್ರಗಡದಿಂದ ಬಸ್ಸಿಗೆ ಬರುತ್ತಿದ್ದರು. ಗಿಡ್ಡ ಆಳು, ದಪ್ಪ ಕನ್ನಡಕ, ಹೆಗಲಿಗೊಂದು ಕೈಚೀಲ, ಅದರಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ಕಟಕ ರೊಟ್ಟಿ. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಒಮ್ಮೆ ವಾರ್ಡಿನ ನರ್ಸೊಬ್ಬಳು ಅವರ ಕಿವಿಯ ಹತ್ತಿರ ಬಾಗಿ, ಹೆರಿಗೆಗೆ ಬಂದ ಆ ಹೆಣ್ಣುಮಗಳಿಗೆ 'ಅದು' ಇದೆಯೆಂದು ಪಿಸುಗುಟ್ಟಿದಳಂತೆ. ಬಾಯಾರು ಇದ್ದ ದನಿಯಲ್ಲೇ, "ಐತಿ. ಮುಂದ?" ಎಂದರಂತೆ. ಆ ಹೆಣ್ಣುಮಗಳ ಕೇಸ್ ಪೇಪರಿನ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ದೊಡ್ಡ ಗುರುತು ಹಾಕಿದ್ದರು. ಬಾಯಾರು ಅದನ್ನು ಹರಿದು, ಬೇರೆ ಪೇಪರಿಗೆ ತಾವೇ ನಕಲು ಮಾಡಿ, ಹರಿದದ್ದನ್ನು ಕೆಂಪು ಪೆನ್ನಿನವನ ಮೇಜಿನ ಮೇಲೆ ಇಟ್ಟು ಬಂದರು. "ಮುಂದ?" ಎನ್ನುವುದು ಅವರ ಮಾತಿನ ಬಾರುಕೋಲು. ಅದಕ್ಕೆ ಸರಿಯಾಗಿ ಉತ್ತರಿಸಿದ ಗಂಡಸರನ್ನು ನಾನು ನೋಡಿಲ್ಲ.

ಅವರ ಪರಿಚಯವಾದದ್ದು ನನ್ನ ಅಂಜಿಕೆಯ ದೆಸೆಯಿಂದ. ಗಜೇಂದ್ರಗಡಕ್ಕೆ ಮದುವೆಗೆ ಹೋದಾಗ ಅಲ್ಲಿಯ ಕಟಿಂಗ್ ಅಂಗಡಿಯವನ ಕತ್ತಿ ಗದ್ದಕ್ಕೆ ತಾಗಿ ಒಂದು ಹನಿ ರಕ್ತ ಕಾಲರಿಗೆ ಬಿತ್ತು. ಆ ಹನಿ ನನ್ನ ತಲೆಯಲ್ಲಿ ಮೂರು ದಿನದಲ್ಲಿ ಹಳ್ಳವಾಯಿತು. ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಆ ಕೋಣೆಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳು, "ನಮಸ್ಕಾರ ಸರ" ಎಂದಳು. ಟವೆಲ್ಲಿನ ಉಪಯೋಗ ಅಷ್ಟು.

ಬಂದವರಿಗೆ ತಿಳಿಹೇಳುವ ಸಮಾಲೋಚಕರ ಕುರ್ಚಿ ಆಗ ಖಾಲಿ ಇದ್ದುದರಿಂದ ಎರಡೂ ಕೆಲಸ ಬಾಯಾರದೇ. ನನ್ನ ಕತೆ ಕೇಳಿ ಪೆನ್ನು ಕೆಳಗಿಟ್ಟರು. ಏನು ಕೆಲಸ ಎಂದು ಕೇಳಿದರು. ಸಾಲಿ ಮಾಸ್ತರನೆಂದೆ. ಏನು ಕಲಿಸುತ್ತೀರಿ ಎಂದರು. ವಿಜ್ಞಾನ ಎಂದೆ. ಅವರು ಗೋಡೆಯ ಕಡೆ ತಿರುಗಿ ಒಂದು ಉಸಿರು ಬಿಟ್ಟರು.

"ರಕ್ತ ನೋಡೂ ಈ ಕಾರ್ಡು ಕಳ್ಳನ್ನ ಹಿಡಿಯೂದಿಲ್ರಿ ಮಾಸ್ತರ, ಪೊಲೀಸರನ್ನ ಎಣಸ್ತೈತಿ. ಕಳ್ಳ ಮೊನ್ನೆ ಹೊಕ್ಕಾನ ಅಂತೀರಿ. ಪೊಲೀಸರು ಕೂಡಾಕ ವಾರಗಟ್ಟಲೆ ಬೇಕು. ಇವತ್ತ ನೋಡಿದ್ರ ಏನೂ ಕಾಣೂದಿಲ್ಲ, ನೀವು ಪೇಢೆ ಹಂಚಿ ಬಿಡ್ತೀರಿ."

ಕಳ್ಳನೆಂದರೆ ವೈರಾಣು, ಪೊಲೀಸರೆಂದರೆ ಅದಕ್ಕೆ ಎದುರಾಗಿ ಮೈ ಹುಟ್ಟಿಸುವ ಪ್ರತಿಕಾಯಗಳು. ಆಮೇಲೆ, ನಿಮ್ಮ ಮನೆಗೆ ಕಳ್ಳ ಬಂದೇ ಇಲ್ಲ, ಅದು ಬೇರೆ ಮಾತು ಎಂದರು. ಮೈಯಿಂದ ಹೊರಬಿದ್ದ ಆ ಎಚ್ಐವಿ ವೈರಾಣು ಬಹಳ ಹೊತ್ತು ಬಾಳುವುದಿಲ್ಲವೆಂದೂ, ಅದು ದಾಟುವುದು ಮೈಕೂಟದಲ್ಲಿ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದಾಗ, ಪರೀಕ್ಷೆ ಮಾಡದ ರಕ್ತ ಏರಿಸಿದಾಗ, ಇಲ್ಲವೇ ತಾಯಿಯಿಂದ ಕೂಸಿಗೆ ಎಂದೂ ಹೇಳಿದರು. ಹೊಸ ಬ್ಲೇಡು ಹಾಕು ಎಂದು ಹೇಳಲು ನಾಲಗೆ ಇದೆಯಲ್ಲ, ಅದನ್ನು ಬಳಸಿ ಎಂದರು. ಆದರೂ ನಾನು ಬೇರೆ ಬೇರೆ ನೆಪದಲ್ಲಿ ನಾಲ್ಕು ಸಲ ಹೋಗಿ ಬೆರಳು ಚುಚ್ಚಿಸಿಕೊಂಡೆ. ನಾಲ್ಕನೆಯ ಸಲ, "ಮಾಸ್ತರ, ನಿಮ್ಮ ರಕ್ತದಾಗ ಐತಿ" ಎಂದರು. ನಾನು ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿದೆ. "ಅಂಜಿಕಿ ಐತಿ. ಅದಕ್ಕ ನಮ್ಮಲ್ಲಿ ಕಾರ್ಡ್ ಬಂದಿಲ್ಲ."

ಕಾರ್ಡಿನ ಮೇಲೆ ಗೆರೆ ಮೂಡಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಮನುಷ್ಯ ತನ್ನ ಇಡೀ ಜನ್ಮದ ಲೆಕ್ಕ ನೋಡಿಕೊಳ್ಳುತ್ತಾನೆ. ಬಾಯಾರು ಕೈ ತೊಳೆದು ಹೊರಗೆ ಬಂದು, ಕಾಯುವವರ ಬೆಂಚಿನ ಮೇಲೇ ಕೂತು, ರೊಟ್ಟಿ ಮುರಿದು ಅರ್ಧವನ್ನು ಶೇಂಗಾ ಹಿಂಡಿಯ ಜೊತೆ ಪಕ್ಕದವರ ಕೈಗೆ ಇಡುತ್ತಿದ್ದರು. ಯಾರೇ ಇರಲಿ. ಮನೆಯಲ್ಲಿ ಬೇರೆ ತಾಟಿನಲ್ಲಿ ಉಂಡು ಬಂದವರು ಆ ಅರ್ಧ ರೊಟ್ಟಿಯನ್ನು ಹೇಗೆ ನೋಡುತ್ತಿದ್ದರೆಂದು ನಾನು ನೋಡಿದ್ದೇನೆ. ನನಗೂ ಕೊಟ್ಟರು. ಹಿಂದಿನ ರೋಗಿಯ ಕೈ ಅದೇ ಅರಿವೆಗೆ ತಾಗಿತ್ತೆಂದು ನೆನಪಾಗಿ, "ಊಟ ಆಗೇತ್ರಿ" ಎಂದೆ. ಆಗ ಬೆಳಗಿನ ಹತ್ತು ಗಂಟೆ. ಅವರು ಏನೂ ಅನ್ನದೆ ಎರಡೂ ಅರ್ಧ ತಾವೇ ತಿಂದರು. ಆ ಅರ್ಧ ರೊಟ್ಟಿ ಇವತ್ತಿಗೂ ನನ್ನ ಗಂಟಲಲ್ಲಿದೆ.

ಈ ರೋಗ ಮೈಯನ್ನು ಗೆಲ್ಲುವುದು ಹೇಗೆಂದು ನಾನು ಕಲಿಸುವ ಸಾಲಿ ಪುಸ್ತಕದಲ್ಲಿ ಅರ್ಧ ಪುಟವಿದೆ. ನಾನು ಆ ಪುಟ ಬಂದಾಗ "ಇದನ್ನ ನೀವ ಓದ್ಕೊಳ್ರಿ" ಎಂದು ಮುಂದಿನ ಪಾಠಕ್ಕೆ ಹಾರುತ್ತಿದ್ದೆ. ಹುಡುಗಿಯರು ತಲೆ ತಗ್ಗಿಸುತ್ತಾರೆ, ಹುಡುಗರು ನಗುತ್ತಾರೆ, ಯಾರಿಗೆ ಬೇಕು. ಬಾಯಾರಿಗೆ ಅದು ಗೊತ್ತಾದಾಗ ಬೆಂಚಿನ ಮೇಲೇ ಪಾಠ ಮಾಡಿದರು. ಊರಿಗೆ ಕಳ್ಳರು ಬಂದರೆ ಡಂಗುರ ಹೊಡೆಯುವವನು ವಾಲೀಕಾರ; ಮೈಯಲ್ಲಿ ಆ ಕೆಲಸ ಒಂದು ಜಾತಿಯ ಬಿಳಿ ರಕ್ತಕಣಗಳದು. ಈ ವೈರಾಣು ಬೇರೆ ಯಾರ ಮನೆಗೂ ಹೋಗುವುದಿಲ್ಲ, ನೆಟ್ಟಗೆ ವಾಲೀಕಾರನ ಮನೆ ಹೊಕ್ಕು, ಅವನ ಒಲೆಯ ಮೇಲೇ ತನ್ನ ಸಂತಾನಕ್ಕೆ ಅಡುಗೆ ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ. ವಾಲೀಕಾರರು ಒಬ್ಬೊಬ್ಬರಾಗಿ ತೀರಿದ ಮೇಲೆ ಸಣ್ಣ ಕೆಮ್ಮು ಬಂದರೂ ಊರಿಗೆ ಸುದ್ದಿ ಮುಟ್ಟುವುದಿಲ್ಲ. "ಗುಳಿಗಿ ಅಂದ್ರ ಅವನ ಒಲಿಗೆ ನೀರು ಹಾಕೂದು. ದಿನಾ ಹಾಕಬೇಕು. ಒಂದಿನ ಬಿಟ್ರ ಮತ್ತ ಹತ್ತತೈತಿ." ಬಿ.ಎಡ್. ಕಾಲೇಜಿನಲ್ಲಿ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಮುಂದೆ ಮಾಡಿದ ತಪ್ಪನ್ನು ಮಾಡುತ್ತಿರಲಿಲ್ಲ ಎಂದು ಬರೆಯಬೇಕೆನ್ನಿಸುತ್ತದೆ. ಸುಳ್ಳು. ಇದನ್ನೆಲ್ಲ ಕೇಳಿದ ಮೇಲೆಯೇ ನಾನು ಆ ತಪ್ಪು ಮಾಡಿದ್ದು.

ನಮ್ಮ ಕಡೆ ಇಂಗ್ಲಿಷ್ ಕಾಗದ ಯಾವುದೇ ಬಂದರೂ ಮಾಸ್ತರನ ಮನೆಗೆ ಬರುತ್ತದೆ. ಬ್ಯಾಂಕಿನ ನೋಟೀಸು, ಕೋರ್ಟಿನ ಸಮನ್ಸು, ಟ್ರ್ಯಾಕ್ಟರಿನ ಗ್ಯಾರಂಟಿ ಕಾರ್ಡು ಎಲ್ಲ ಓದಿ ಹೇಳಿದ್ದೇನೆ. ಓದಲು ಬಂದರೆ ತಿಳಿದಂತೆ ಎಂದು ಅವರ ನಂಬಿಕೆ. ನನ್ನದೂ ಅದೇ ಆಗಿತ್ತು. ಒಂದು ದಿನ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ಬಂದರು. ಅವರ ಮಕ್ಕಳಿಗೆ ನಾನು ಪಾಠ ಹೇಳಿದವನು. ಅವರ ಸೊಸೆಗೆ ಬಸಿರಿನಲ್ಲಿ ರಕ್ತ ನೋಡಿದಾಗ ಈ ಸೋಂಕು ಗೊತ್ತಾಗಿತ್ತು; ದಿನಾಲೂ ಗುಳಿಗೆ ನುಂಗುತ್ತಿದ್ದಳು. ಹುಟ್ಟಿದ್ದು ಗಂಡು ಕೂಸು. ಆರು ವಾರಕ್ಕೆ ಬಾಯಾರು ಕೂಸಿನ ಹಿಮ್ಮಡಿ ಚುಚ್ಚಿ, ರಕ್ತದ ಹನಿಗಳನ್ನು ದಪ್ಪ ಕಾಗದದ ಮೇಲೆ ಒಣಗಿಸಿ ದೂರದ ಲ್ಯಾಬಿಗೆ ಕಳಿಸಿದ್ದರು; ವೈರಾಣು ಇಲ್ಲವೆಂದು ಉತ್ತರ ಬಂದಿತ್ತು. ಆದರೆ ಅದು ಸರಕಾರಿ ಚೀಟಿ. ಐದನೆಯ ತಿಂಗಳಲ್ಲಿ ಕೂಸಿಗೆ ನೆಗಡಿಯಾದಾಗ ಸಾಹುಕಾರರು ಯಾವುದೋ ಖಾಸಗಿ ಲ್ಯಾಬಿನಲ್ಲಿ ಬೇರೆ ಪರೀಕ್ಷೆ ಮಾಡಿಸಿದ್ದರು. ಅದರ ರಿಪೋರ್ಟು ನುಣುಪು ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಇತ್ತು. ನಾನು ಕನ್ನಡಕ ಹಾಕಿ, ಗಂಟಲು ಸರಿ ಮಾಡಿಕೊಂಡು, ಓದಿ, ದೊಡ್ಡ ಮನುಷ್ಯನ ಹಾಗೆ ತಲೆ ಅಲ್ಲಾಡಿಸಿ ಹೇಳಿದೆ: "ಪಾಸಿಟಿವ್ ಐತ್ರಿ."

ಎರಡು ಶಬ್ದ. ನನ್ನ ಜನ್ಮದಲ್ಲಿ ನಾನು ಯಾವುದನ್ನೂ ಎರಡು ಸಲ ನೋಡದೆ ಬಿಟ್ಟವನಲ್ಲ, ಬೀಗವನ್ನು ಕೂಡ. ಅದೊಂದನ್ನು ಬಿಟ್ಟೆ.

ವಾರ ಕಳೆದಿರಬೇಕು. ಒಂಬತ್ತನೆಯ ತರಗತಿಯ ಹಲಗೆಯ ಮೇಲೆ ಜೀವಕೋಶದ ಚಿತ್ರ ಬಿಡಿಸುತ್ತಿದ್ದೆ. ಬಾಗಿಲಲ್ಲಿ ಬಾಯಾರು ನಿಂತಿದ್ದರು. ಹುಡುಗರು ಎದ್ದು ನಿಂತರು. ಅವರು ಕೂರಲು ಹೇಳಲಿಲ್ಲ. ನನ್ನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದರು. ಸೊಸೆ ಅವರಿಗೆ ಫೋನ್ ಮಾಡಿದ್ದಳು.

"ಪಾಸಿಟಿವ್ ಅಂದವರು ನೀವನ?"

"ಕಾಗದದಾಗ ಹಂಗ ಇತ್ರಿ."

"ಕಾಗದದಾಗ ಏನಿತ್ತು? ಇದ್ದಂಗ ಹೇಳ್ರಿ."

"ಆಂಟಿಬಾಡಿ, ರಿಯಾಕ್ಟಿವ್."

"ಐದು ತಿಂಗಳ ಕೂಸಿನ ಮೈಯಾಗಿನ ಆಂಟಿಬಾಡಿ ಯಾರದು, ವಿಜ್ಞಾನದ ಮಾಸ್ತರ?"

ನನಗೆ ಗೊತ್ತಿತ್ತು. ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಮಗುವಿಗೆ ಹರಿದು ಬರುತ್ತವೆ ಎಂಬ ವಾಕ್ಯವನ್ನು ಪ್ರತಿ ವರ್ಷ ನಾನೇ ಬರೆಸುತ್ತಿದ್ದೆ, ಎರಡು ಅಂಕದ ಪ್ರಶ್ನೆಗೆ. ನನ್ನ ಹುಡುಗರಿಗೆ ಎರಡು ಅಂಕ ಬಂದಿದ್ದವು. ನನಗೆ ಸೊನ್ನೆ.

ನನ್ನ ಎರಡು ಶಬ್ದ ಆ ಮನೆಯಲ್ಲಿ ಏನು ಮಾಡಿದವೆಂದು ಆಗ ಹೇಳಿದರು. ತಾಯಿಯನ್ನೂ ಕೂಸನ್ನೂ ಹಿತ್ತಲಲ್ಲಿ ಹತ್ತಿ ತುಂಬುವ ಕೋಣೆಗೆ ಹಾಕಿದ್ದರು. ಬೇರೆ ತಾಟು, ಬೇರೆ ಕೊಡ. ಗುಳಿಗೆ ತರಲು ಮೇಲಿಂದ ಮೇಲೆ ದವಾಖಾನೆಗೆ ಹೋದರೆ ಮಂದಿಗೆ ಗೊತ್ತಾಗುತ್ತದೆ, ಇಬ್ಬರಿಗೂ ಇದ್ದ ಮೇಲೆ ಗುಳಿಗೆಯಾದರೂ ಯಾಕೆ ಎಂದು ಅತ್ತೆ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಳು.

"ಆರು ದಿನ ಆತು. ಗುಳಿಗಿ ಇಲ್ಲದ ಮೊಲಿ ಕುಡಸಾಕತ್ತಾಳ. ಹಾಲಿನಾಗ ಇನ್ನ ಬರೂದು ಬರ್ತೈತಿ. ಇಲ್ಲದ್ದನ್ನ ಐತಿ ಅಂದ್ರಿ ನೀವು. ಈಗ ಮನಿ ಮಂದೆಲ್ಲಾ ಕೂಡಿ ನಿಮ್ಮ ಸುಳ್ಳನ್ನ ಖರೇ ಮಾಡಾಕ ಹತ್ಯಾರ. ನಡೀರಿ."

ಮುಂದಿನ ಬಸ್ಸಿಗೆ ಹೋದೆವು. ಅವರು ಮುಂದಿನ ಸೀಟಿಗೆ ಹೋಗಿ ನನಗೆ ಬೆನ್ನು ಹಾಕಿ ಕೂತರು. ಬೈದಿದ್ದರೆ ಹಗುರಾಗುತ್ತಿತ್ತು.

ಸಾಹುಕಾರರು ಪಡಸಾಲೆಯಲ್ಲಿ ಕೂತು, ತಮ್ಮ ಮನೆತನದ ರಕ್ತದಲ್ಲಿ ಏಳು ತಲೆಮಾರಿಂದ ಇಂಥದು ಇರಲಿಲ್ಲ, ಇದು ಆಕೆ ತಂದದ್ದು ಎಂದು ಶುರು ಮಾಡಿದರು.

"ರಕ್ತಕ್ಕ ಮನೆತನ ಇರೂದಿಲ್ರಿ ಸಾವಕಾರ್ರ, ಬರೇ ಗ್ರೂಪ್ ಇರ್ತೈತಿ. ಎಲ್ಲಿಂದ ಬಂತು ಅನ್ನೂದು ನನ್ನ ಕಾರ್ಡ್ ಹೇಳೂದಿಲ್ಲ. ನಿಮ್ಮ ಮಗನ್ನ ಕಳಸ್ರಿ, ಅವಂದೂ ನೋಡೂಣು."

ಕಂಬಕ್ಕೆ ಒರಗಿ ನಿಂತಿದ್ದ ಮಗ ಟ್ರ್ಯಾಕ್ಟರಿನ ಡೀಸೆಲ್ ನೋಡಿ ಬರುತ್ತೇನೆಂದು ಹೋದವನು, ನಾವು ಇರುವ ತನಕ ಬರಲಿಲ್ಲ. ಅವನ ರಕ್ತವನ್ನು ಯಾರೂ ಯಾವತ್ತೂ ನೋಡಲಿಲ್ಲ. ಅದು ಮನೆತನದ ರಕ್ತ.

ಬಾಯಾರು ಸಾಹುಕಾರರನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತರು. ಅಲ್ಲಿ ಅವರ ಮಾತಿನಲ್ಲಿ ಪೊಲೀಸರೂ ಬರಲಿಲ್ಲ, ವಾಲೀಕಾರನೂ ಬರಲಿಲ್ಲ.

"ಯವ್ವಾ, ಮಗಳನ್ನ ಗಂಡನ ಮನಿಗೆ ಕಳಸೂಮುಂದ ಉಡಿ ತುಂಬಿದ್ರಿಲ್ಲೋ?"

"ತುಂಬದ ಕಳಸ್ತಾರೇನು?"

"ಆ ಉಡಿ ಅಕ್ಕಿ ನೋಡಿ, ಈಕಿ ಹೊಲದಾಗ ನೆಲ್ಲು ಬೆಳೀತೈತಿ ಅಂತ ಯಾರರೆ ಅಂದ್ರ?"

ಆ ಸಿಟ್ಟಿನಲ್ಲೂ ಮುದುಕಿಗೆ ನಗು ಬಂತು. "ನಮ್ಮ ಎರಿ ಹೊಲದಾಗ ಎಲ್ಲಿ ನೆಲ್ಲು, ಬಾಯಾರ? ಅದು ತವರಿನ ಅಕ್ಕಿ. ನಾಕು ದಿನ ಉಂಡ್ರ ತೀರ್ತೈತಿ."

"ಅದನ ನಾ ಹೇಳೂದು. ನಿಮ್ಮ ಸೊಸಿ ಕೂಸನ್ನ ತನ್ನ ಹೊಟ್ಟ್ಯಾಗಿಂದ ಕಳಸೂಮುಂದ ಉಡಿ ತುಂಬ್ಯಾಳ. ಬ್ಯಾನಿ ತುಂಬಿಲ್ಲ, ಬ್ಯಾನಿ ಕೂಡ ಬಡದಾಡಾಕ ತಾ ಇಟ್ಕೊಂಡಿದ್ದನ್ನ ತುಂಬ್ಯಾಳ. ಆ ಲ್ಯಾಬಿನವರು ಉಡಿ ಅಕ್ಕಿ ನೋಡಿ ಹೊಲ ಐತಿ ಅಂದ್ರು. ಈ ಶ್ಯಾಣ್ಯಾ ಮಾಸ್ತರು ಹೌದಂದ್ರು. ಆ ಅಕ್ಕಿ ತೀರಾಕ ಒಂದೂವರಿ ವರ್ಷ ಬೇಕು. ಅಲ್ಲೀಮಟಾನೂ, ಮುಂದೂ ಸೊಸಿ ಗುಳಿಗಿ ತಪ್ಪಸಬಾರದು."

ಮುದುಕಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಆಕೆ ಸೊಂಟದ ಕೀಲಿ ಬಿಚ್ಚಿ ಟ್ರಂಕು ತೆಗೆದಳು. ಸೊಸೆ ಬಾಗಿಲ ಹೊರಗೇ ನಿಂತು, ಗುಳಿಗೆಯನ್ನು ಎಲ್ಲರ ಕಣ್ಣೆದುರು ನುಂಗಿದಳು. ಬಾಯಾರು ಅವತ್ತೇ ಕೂಸಿನ ರಕ್ತದ ಹನಿಗಳನ್ನು ಮತ್ತೆ ಕಾಗದದ ಮೇಲೆ ತೆಗೆದುಕೊಂಡರು. ಉತ್ತರ ಬರುವ ತನಕದ ವಾರಗಳಲ್ಲಿ ನನಗೆ ಹಿಡಿದ ಚಿಂತೆಗೆ ಮಾತ್ರ, ಜನ್ಮದಲ್ಲಿ ಮೊದಲ ಸಲ, ಕಾರಣವಿತ್ತು. ಇಲ್ಲವೆಂದೇ ಬಂತು. ಆದರೆ ಸಾಹುಕಾರರಿಗೆ ಖಾತ್ರಿ ಬೇಕಿತ್ತು. ತಾಯಿ ಮಗು ಹತ್ತಿ ಕೋಣೆಯಲ್ಲೇ ಇದ್ದರು.

ಕೂಸಿಗೆ ಒಂದೂವರೆ ವರ್ಷವಾಗಿ, ಮೊಲೆ ಬಿಡಿಸಿ ತಿಂಗಳುಗಳಾದ ಮೇಲೆ, ಕೊನೆಯ ಪರೀಕ್ಷೆ. ಬಾಯಾರು ನನ್ನನ್ನೂ ಕರೆಸಿದರು. ನನಗೆ ಅಲ್ಲಿ ಏನು ಕೆಲಸವೆಂದು ಸಂಕೋಚಪಟ್ಟಾಗ, "ಕೂಸಿನ ಅವ್ವ ಹೂಂ ಅಂದಾಳ. ಮುಂದ?" ಎಂದರು. ಬೆಂಚಿನ ಮೇಲೆ ಸಾಹುಕಾರರು, ಅತ್ತೆ, ಸೊಸೆ, ಸೊಸೆಯ ತೊಡೆಯ ಮೇಲೆ ಚುಚ್ಚಿಸಿಕೊಂಡ ಬೆರಳು ಚೀಪುವ ಕೂಸು. ಎಂದಿನಂತೆ ರೊಟ್ಟಿಯ ಅರಿವೆ ಬಿಚ್ಚಿತು. ಸೊಸೆ ತಗೊಂಡಳು. ಸಾಹುಕಾರರು ಊಟ ಆಗೇತಿ ಎಂದರು. ಆಗಲೂ ಬೆಳಗಿನ ಹತ್ತು ಗಂಟೆ. ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಅಷ್ಟು ಹೇಸಿಗೆಯಾಗಿ ಕೇಳಿದ್ದು ಅದೇ ಮೊದಲು.

ಇಪ್ಪತ್ತು ನಿಮಿಷಕ್ಕೆ ಬಾಯಾರು ನನ್ನನ್ನು ಒಳಗೆ ಕರೆದರು. "ಓದ್ರಿ ಮಾಸ್ತರ. ಈ ಸಲ ನೋಡಿ ಓದ್ರಿ." ಕಾರ್ಡು ಕೆಟ್ಟಿಲ್ಲವೆಂದು ತೋರಿಸುವ ಗೆರೆ ಇತ್ತು. ಎರಡನೆಯದು ಇರಲಿಲ್ಲ. ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ಹೊರಗೆ ಬಂದು, "ಒಂದ ಗೆರಿ ಐತ್ರಿ. ಕೂಸಿಗೆ ಇಲ್ಲ" ಎಂದೆ. ದನಿ ಏಳಲಿಲ್ಲ. ಬಾಯಾರು ಹಿಂದಿನಿಂದ, "ಅವತ್ತ ಹೇಳಿದಷ್ಟ ಜೋರಾಗಿ ಹೇಳ್ರಿ" ಎಂದರು. ಹೇಳಿದೆ.

ಸಾಹುಕಾರರು ಕೈ ಮುಗಿದರು. ಆಮೇಲೆ ಹತ್ತಿಯ ದರ ಗೊತ್ತು ಮಾಡುವ ದನಿಯಲ್ಲಿ, ಬಹಳ ಚಲೋ ಆಯಿತು, ಮೊಮ್ಮಗನನ್ನು ತಾವು ಒಯ್ಯುತ್ತೇವೆ, ಸೊಸೆ ನರಗುಂದದ ಕಡೆ ತವರಿಗೆ ಹೋಗಿ ಆರಾಮವಾಗಿರಲಿ, ಆಕೆಗೆ ಏನೂ ಕಡಿಮೆ ಮಾಡುವುದಿಲ್ಲ ಎಂದರು. ಕೈಚಾಚಿ ಕೂಸನ್ನು ಎತ್ತಿಕೊಳ್ಳಲು ಬಾಗಿದರು ಕೂಡ. ಹತ್ತಿ ಕೋಣೆಗೆ ಹಾಕಿದಂದಿನಿಂದ ಆ ಕೈ ಕೂಸನ್ನು ಮುಟ್ಟಿರಲಿಲ್ಲ.

ಮಾತಾಡಿದವಳು ಸೊಸೆ. ಮಾವನ ಎದುರು ಆಕೆ ದನಿ ತೆಗೆದದ್ದನ್ನು ಆ ಮನೆಯವರೇ ಕೇಳಿರಲಿಲ್ಲ.

"ಅಕ್ಕಿ ತೀರೇತಿ ಅಂತ ಉಡಿ ತುಂಬಿದಾಕಿನ್ನ ಮರೀಬ್ಯಾಡ್ರಿ, ಮಾವಾರ. ಕೂಸು ನನ್ನ ಕೂಡ ಬರ್ತೈತಿ."

ಎದ್ದಳು. ಬಾಯಾರು ಉಳಿದ ರೊಟ್ಟಿಯನ್ನು ಅರಿವೆಯ ಸಮೇತ ಆಕೆಯ ಚೀಲಕ್ಕೆ ಹಾಕಿದರು, ಮುಂದಿನ ತಿಂಗಳಿಂದ ಗುಳಿಗೆ ಅಲ್ಲೇ ಹತ್ತಿರ ಸಿಗುವಂತೆ ಚೀಟಿ ಬರೆದು ಕೊಟ್ಟರು. ಅತ್ತೆ ಎದ್ದು ಸೊಸೆಯ ಹಿಂದೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಗಂಡನ ಮುಖ ನೋಡಿ ನಿಂತಳು. ಆ ಮುದುಕಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಐದನೆಯ ಹೆಜ್ಜೆ ಇಡಬಹುದಿತ್ತು. ನಾನು ನಾಲ್ಕೂ ಇಡಲಿಲ್ಲ. ಸಾಹುಕಾರರು "ನೀವರೆ ಹೇಳ್ರಿ ಮಾಸ್ತರ" ಎಂದಾಗ ನಾನು ಗಡಿಯಾರ ನೋಡಿದೆ. ಮೊದಲು ಬಾಯಿ ಮುಚ್ಚಬೇಕಾದಲ್ಲಿ ಎರಡು ಶಬ್ದ ಆಡಿದ್ದೆ. ಬಾಯಿ ತೆರೆಯಬೇಕಾದಲ್ಲಿ ಗಡಿಯಾರ ನೋಡಿದೆ. ಮಾಸ್ತರಿಕೆ ಎಂದರೆ ಇದೇ ಇರಬೇಕು.

ನರಗುಂದದ ಬಸ್ಸು ಹೋದ ಮೇಲೆ ಬಾಯಾರು ಬೆಂಚಿಗೆ ಬಂದು ಕೂತರು. ಅವರ ಅಂಗೈಯಲ್ಲಿ ಸಾಹುಕಾರರು ಬೇಡವೆಂದ ಅರ್ಧ ರೊಟ್ಟಿ ಇತ್ತು. ನಾನು ಕೇಳದೆ ತಗೊಂಡು ತಿಂದೆ. ಅವರು ನನ್ನ ಕಡೆ ನೋಡಲಿಲ್ಲ. "ಆ ಪಾಠ ಇನ್ನ ಬಿಟ್ರ ಸಾಲಿಗೆ ಬರ್ತೀನಿ ನೋಡ್ರಿ" ಎಂದರು ಅಷ್ಟೇ. ಆ ವರ್ಷದಿಂದ ಬಿಟ್ಟಿಲ್ಲ. ಹುಡುಗರು ನಕ್ಕರೆ ನಗು ಮುಗಿಯುವ ತನಕ ಕಾದು, "ಮುಂದ?" ಎನ್ನುತ್ತೇನೆ.

ಬಾಯಾರ ಮಣ್ಣಿನ ದಿನ ದವಾಖಾನೆಯ ಕಡೆಯಿಂದ ಬಂದವರು ಬೆರಳೆಣಿಕೆಯಷ್ಟು. ಗೋಡೆಯ ಬದಿ ದೂರದಲ್ಲಿ ಸೆರಗು ಹೊದ್ದ ಹೆಂಗಸರು ಹದಿನೈದಿಪ್ಪತ್ತು ಮಂದಿ ನಿಂತಿದ್ದರು. ಅವರು ಒಬ್ಬರನ್ನೊಬ್ಬರು ಬಲ್ಲವರಂತೆ ಕಾಣಲಿಲ್ಲ. ಯಾರೆಂದು ಮನೆಯವರು ಕೇಳಿದರು. ನನಗೆ ಗೊತ್ತಿಲ್ಲವೆಂದೆ. ಒಬ್ಬಳ ಪಕ್ಕದಲ್ಲಿ ಮೀಸೆ ಚಿಗುರುತ್ತಿರುವ ಎತ್ತರದ ಹುಡುಗನಿದ್ದ. ಅವನು ಯಾರೆಂದೂ ನನಗೆ ಗೊತ್ತಿಲ್ಲ.

ಕಟಿಂಗ್ ಅಂಗಡಿಯ ಮಾತಾಗಿ ಮೂರನೆಯ ದಿನ ಪಾಠ ಮಾಡುತ್ತಿದ್ದಾಗ ನನ್ನದೇ "ಮುಂದ?" ನನ್ನ ಕಿವಿಗೆ ಬಿತ್ತು. ಸುಣ್ಣದ ಕಡ್ಡಿ ಕೈಯಲ್ಲೇ ಉಳಿಯಿತು. ಅವರಿಗೆ ಅದು ಇರಲಿಲ್ಲ ಎಂದು ನಾನು ಹಲ್ಲುಕಚ್ಚಿ ಸಾಧಿಸಿದ್ದೆನಲ್ಲ, ಇದ್ದವರೆಲ್ಲ ನಾಚಿಕೊಳ್ಳಬೇಕಾದವರು ಎಂಬಂತೆ. ಗೋಡೆಯ ಬದಿ ನಿಂತ ಆ ಹೆಂಗಸರೆಲ್ಲರ ಕೇಸ್ ಪೇಪರಿನ ಮೇಲೆ ನಾನೇ ಕೆಂಪು ಪೆನ್ನು ಎಳೆದಂತಾಗಿತ್ತು.

ಸಂಜೆ ಗಡ್ಡ ಇರದಿದ್ದರೂ ಅಂಗಡಿಗೆ ಹೋದೆ. ಪೇಪರಿನವನು ಅದೇ ಬೆಂಚಿನ ಮೇಲಿದ್ದ. ಅಂಗಡಿಯವನು ಸೋಪು ಹಚ್ಚಿ ಮುಗಿಸಿದ ಮೇಲೆ ಹೇಳಿದೆ, ಗಂಟಲು ಸರಿ ಮಾಡಿಕೊಳ್ಳದೆ:

"ಮೊನ್ನೆ ಬಾಯಾರ ಬಗ್ಗೆ ಅಂದ್ರೆಲ್ಲ. ಇತ್ತಂತ ತಿಳೀರಿ. ಮುಂದ?"

ಪೇಪರು ಕೆಳಗಿಳಿಯಿತು. ಅದರ ಹಿಂದೆ ಒಂದು ಮುಖವಿತ್ತು, ನನ್ನಷ್ಟೇ ವಯಸ್ಸಾದದ್ದು, ನನ್ನಷ್ಟೇ ಅಂಜಿದ್ದು. ನಾನು ಕನ್ನಡಿಯಲ್ಲಿ ಅದನ್ನೇ ನೋಡುತ್ತ ಕೂತೆ. ಅಂಗಡಿಯವನು ಕತ್ತಿ ಹಿಡಿದು ನಿಂತೇ ಇದ್ದ.

"ಹೊಸ ಬ್ಲೇಡ್ ಹಾಕು" ಎಂದೆ. ಅದನ್ನೂ ಅವರೇ ಹೇಳಲು ಕಲಿಸಿದ್ದು.